ಪ್ಲಂಬರ್ ಒಪ್ಪಿದ ಆಪರೇಷನ್

೧. ಸೊಪ್ಪಿನ ಔಷಧಿ

ಬಾಗಲೂರಿನ ಯಜಮಾನರೊಬ್ಬರು ನಾಲ್ಕು ವರ್ಷದ ಮೊಮ್ಮಗಳನ್ನು ಎತ್ತಿಕೊಂಡು ಹೆಬ್ಬಾಳದ ನನ್ನ ಆಸ್ಪತ್ರೆಗೆ ಬಂದರು. ಜೊತೆಗೆ ಮಗುವಿನ ಅಪ್ಪ. ಮಗುವಿನ ಕಣ್ಣು ಅರಿಸಿನ. ಹೊಟ್ಟೆನೋವು. ಸ್ಕ್ಯಾನಿನಲ್ಲಿ ಪಿತ್ತನಾಳ ನಿಂಬೆಹಣ್ಣಿನಷ್ಟು ಊದಿತ್ತು. ಹುಟ್ಟಿನಿಂದ ಬಂದ ದೋಷ.

"ಆಪರೇಷನ್ ಆಗಬೇಕು," ಎಂದೆ.

"ಕಾಮಾಲೆಗೆ ಸೊಪ್ಪಿನ ಔಷಧಿ ಕೊಡ್ಸಿದ್ದೀವಿ ಸಾರ್," ಎಂದರು ಯಜಮಾನರು. " ಮೂರು ಸಲಾನೂ ವಾಸಿ ಆಯ್ತು."

"ವಾಸಿ ಆಗಿದ್ರೆ ಮೂರು ಸಲ ಯಾಕೆ ಬಂತು?"

"ಅದಕ್ಕೇ ಅಲ್ವಾ ಸಾರ್ ಮೂರು ಸಲ ಕೊಡ್ಸಿದ್ದು."

೨. ಚಿತ್ರ

ಹೀಗೇ ಬಿಟ್ಟರೆ ಲಿವರ್ ಕೆಡುತ್ತದೆ, ದೊಡ್ಡವಳಾದ ಮೇಲೆ ಕ್ಯಾನ್ಸರ್ ಕೂಡ ಬರಬಹುದು ಎಂದೆ. ಯಜಮಾನರು ಮೆತ್ತಗಾದರು. ಚೀಟಿಯ ಹಿಂದೆ ಚಿತ್ರ ಬರೆದೆ. ಊದಿದ ನಾಳ, ಪಿತ್ತಕೋಶ ಎರಡನ್ನೂ ತೆಗೆಯುವುದು. ಕರುಳಿನ ಒಂದು ಭಾಗವನ್ನು ಮೇಲಕ್ಕೆ ತಂದು, ಲಿವರ್ ಬಳಿ ಉಳಿದ ನಾಳದ ಬಾಯಿಗೆ ಹೊಲಿಯುವುದು. ಪಿತ್ತ ನೇರ ಕರುಳಿಗೆ ಇಳಿಯುತ್ತದೆ.

ಮಗುವಿನ ಅಪ್ಪ ಸಹಿಗೆ ಪೆನ್ನು ತೆಗೆದ. ಯಜಮಾನರು ಚೀಟಿ ಮಡಚಿ ಜೇಬಿಗಿಟ್ಟರು.

"ಒಂದ್ ದಿನ ಟೈಮ್ ಕೊಡಿ ಸಾರ್. ಒಬ್ರಿಗೆ ತೋರಿಸ್ಬೇಕು."

"ಬೇರೆ ಡಾಕ್ಟರಿಗಾ? ತೋರಿಸಿ."

ಮರುದಿನ ಕರೆದುಕೊಂಡೇ ಬಂದರು. ಡಾಕ್ಟರಲ್ಲ, ಪ್ಲಂಬರ್. ಬಾಗಲಕೋಟೆ ಕಡೆಯವನು. ಯಜಮಾನರು ಕಟ್ಟಿಸಿದ ಅಪಾರ್ಟ್‌ಮೆಂಟುಗಳ ಪೈಪೆಲ್ಲ ಅವನ ಕೆಲಸ.

"ಇವ್ನು ಊಂ ಅಂದ್ರೆ ಮುಗೀತು ಸಾರ್. ಇವ್ನ ಕೆಲ್ಸದಾಗೆ ಒಂದ್ ಗೋಡೆ ನೆಂದಿಲ್ಲ."

ಇಬ್ಬರನ್ನೂ ಹೊರಗೆ ಕಳಿಸೋಣ ಎನಿಸಿತು. ಬೆಂಚಿನ ಮೇಲೆ ಮಗು ಮಲಗಿತ್ತು. ಕಳಿಸಲಿಲ್ಲ.

ಪ್ಲಂಬರ್ ಚಿತ್ರ ತಿರುಗಿಸಿ ತಿರುಗಿಸಿ ನೋಡಿದ. "ಟ್ಯಾಂಕ್ ತಗೀತೀರಿ. ಲೈನ್ ಡೈರೆಕ್ಟ್ ಕೊಡ್ತೀರಿ. ಕೆಳಗಿನ ಹೊಲಸು ವಾಪಸ್ ಮ್ಯಾಲೆ ಏರಂಗಿಲ್ಲೇನ್ರೀ ಸರ್?"

ನನ್ನ ಕೈಕೆಳಗೆ ಕಲಿಯುವ ಡಾಕ್ಟರುಗಳು ಈ ಪ್ರಶ್ನೆಗೆ ಬರಲು ಎರಡು ವರ್ಷ ಹಿಡಿಯುತ್ತದೆ.

"ಅದಕ್ಕೇ ಆ ಕರುಳಿನ ಭಾಗ ನಲವತ್ತು ಸೆಂಟಿಮೀಟರ್ ಉದ್ದ ಬಿಡೋದು. ಅಷ್ಟು ದೂರ ಏರಲ್ಲ."

ಜೇಬಿನಿಂದ ಟೇಪು ತೆಗೆದು ನಲವತ್ತು ಎಳೆದ. ಮಗುವನ್ನು ನೋಡಿದ. "ಇಷ್ಟ್ ಸಣ್ಣ ಕೂಸಿನಾಗ ಹಿಡೀತೈತೇನ್ರೀ?"

"ಹಿಡಿಯುತ್ತೆ."

"ವಾಲ್ವ್?"

"ಹಿಂದೆ ಹಾಕ್ತಿದ್ವಿ. ಬಿಟ್ವಿ."

"ನಾವೂ ಬಿಟ್ಟೀವ್ರಿ. ಅದಾ ಮೊದ್ಲು ಕಟ್ಕೋತೈತಿ." ಯಜಮಾನರ ಕಡೆ ತಿರುಗಿದ. "ಮಾಡಸ್ರಿ."

ಆಗ ಅಪ್ಪ ಸಹಿ ಹಾಕಿದ.

೩. ಪ್ರಸಾದ

ಹಿಂದಿನ ರಾತ್ರಿಯ ಊಟದ ಮೇಲೆ ಮಗುವಿಗೆ ಏನೂ ಕೊಡಬೇಡಿ ಎಂದು ನಾಲ್ಕು ಸಲ ಹೇಳಿದ್ದೆ. ಆಪರೇಷನ್ ಬೆಳಿಗ್ಗೆ ಅರಿವಳಿಕೆ ಡಾಕ್ಟರು, ರಾತ್ರಿ ಮಗುವಿನ ಜೊತೆ ಉಳಿದಿದ್ದ ಅಜ್ಜಿಯನ್ನು ಕೇಳಿದರು.

"ಒಂದ್ ತೊಟ್ಟು ನೀರೂ ಕೊಟ್ಟಿಲ್ಲ ಸಾಮಿ."

ಮಗುವಿನ ಗಲ್ಲದ ಮೇಲೆ ತುಪ್ಪ ಹೊಳೆಯುತ್ತಿತ್ತು. ಏನು ತಿಂದೆ ಪುಟ್ಟಾ ಎಂದರೆ, "ಸಿಹಿ ಪೊಂಗಲ್," ಎಂದಿತು.

"ಅದು ಪ್ರಸಾದ," ಎಂದರು ಅಜ್ಜಿ. "ಅದೂ ತಿನ್ನೋದ್ರಲ್ಲಿ ಸೇರ್ತದಾ?"

"ದೇವರದ್ದೂ ಹೊಟ್ಟೆಗೇ ಹೋಗೋದು ತಾಯಿ," ಎಂದರು ಅರಿವಳಿಕೆ ಡಾಕ್ಟರು.

ಆಪರೇಷನ್ ಮೂರು ದಿನ ಮುಂದಕ್ಕೆ ಹೋಯಿತು. ಈ ಸಲ ಬೆಳಿಗ್ಗೆ ಅಜ್ಜಿ ವಾರ್ಡಿನ ಬಾಗಿಲಲ್ಲೇ ಕೂತಿದ್ದರು. ಪಕ್ಕದ ಹಾಸಿಗೆಯವರ ಇಡ್ಲಿಯನ್ನೂ ಒಳಗೆ ಬಿಡಲಿಲ್ಲ.

೪. ಜಾಯಿಂಟ್

ಐದು ಗಂಟೆ ಹಿಡಿಯಿತು. ಹೊರಗೆ ಬಂದು "ಆಯ್ತು" ಎಂದೆ.

ಮೂರನೇ ದಿನ, ಹೊಟ್ಟೆಯೊಳಗಿಟ್ಟ ನಳಿಕೆಯ ಚೀಲದಲ್ಲಿ ಪಿತ್ತ ಕಂಡಿತು. ಹೊಲಿಗೆ ಸೋರುತ್ತಿತ್ತು. ಹೆಚ್ಚಾದರೆ ಮತ್ತೆ ಹೊಟ್ಟೆ ತೆರೆಯಬೇಕು. ಯಜಮಾನರು ಚೀಲದತ್ತ ಕೈ ತೋರಿಸಿದರು.

"ಬಿಚ್ಚಿ ಇನ್ನೊಂದ್ ಸಲ ಆಕ್ಬಿಡಿ ಸಾರ್."

ನಾನು ಬಾಯಿ ತೆರೆಯುವ ಮೊದಲೇ, ಮಗುವನ್ನು ನೋಡಲು ಬಂದಿದ್ದ ಪ್ಲಂಬರ್ ಹೇಳಿದ. "ಹೊಸಾ ಜಾಯಿಂಟ್ರೀ ಯಜಮಾನ್ರ. ನಾಕ್ ದಿನ ಜಿನುಗತೈತಿ. ಕೈ ಹಚ್ಚಿದ್ರ ಕೆಡತೈತಿ."

ನಾನು ಹೇಳಬೇಕಾದದ್ದೂ ಅಷ್ಟೇ. ಆಮೇಲೆ ದಿನಾ ಬೆಳಿಗ್ಗೆ ಅವನೂ ನಾನೂ ಚೀಲ ನೋಡಿದೆವು. ಏಳನೇ ದಿನ ಚೀಲ ಒಣಗಿತ್ತು.

ಮನೆಗೆ ಕಳಿಸುವಾಗ ಯಜಮಾನರು ಕೇಳಿದರು. "ಎಷ್ಟ್ ವರ್ಷ ಗ್ಯಾರಂಟಿ ಸಾರ್?"

ನಾನು ಪ್ಲಂಬರನ ಮುಖ ನೋಡಿದೆ.

"ಜಾಯಿಂಟಿಗೆ ಯಾರೂ ಗ್ಯಾರಂಟಿ ಕೊಡಂಗಿಲ್ರೀ," ಎಂದ. "ವರ್ಷಕ್ಕೊಮ್ಮೆ ಬಂದು ತೋರ್ಸೂದು."

ಹಾಗೇ ಬರುತ್ತಾರೆ. ಪ್ಲಂಬರೂ ಬರುತ್ತಾನೆ. ಹುಡುಗಿ ಈಗ ಮೂರನೇ ಕ್ಲಾಸು. ಕಣ್ಣು ಬೆಳ್ಳಗಿದೆ.