ಗಿರಾಕಿಗೊಂದು ಸೇವಂತಿಗೆ ಕಥೆ

ನಮ್ಮ ದೊಡ್ಡಪ್ಪನನ್ನು ಏನು ಬೇಕಾದರೂ ಕೇಳಿ, ಸೇವಂತಿಗೆಗೆ ಆ ಹೆಸರು ಹೇಗೆ ಬಂತೆಂದು ಮಾತ್ರ ಕೇಳಬೇಡಿ. ಕೇಳಿದಿರೋ, ನಿಮ್ಮ ಬಸ್ಸು ತಪ್ಪಿತೆಂದೇ ತಿಳಿಯಿರಿ! ದೊಡ್ಡಬಳ್ಳಾಪುರದ ಹತ್ತಿರದ ಸಾಸಲಿನಲ್ಲಿ ಸೇವಂತಿಗೆ ಬೆಳೆಯುವ ಈ ಮಹಾನುಭಾವರ ಬಳಿ ಗಿರಾಕಿಗೊಂದು ಕಥೆ ಇದೆ.

ಶಿವಗಂಗೆಗೆ ಹೊರಟ ಭಕ್ತರಿಗೆ, "ದೇವ್ರ ಸೇವೆಗಂತ್ಲೇ ಹುಟ್ಟಿದ್ದು, ಅದ್ಕೇ ಸೇವಂತಿಗೆ!" ತೆಲುಗು ಮಾತಾಡುವ ವ್ಯಾಪಾರಿಗೆ, "ನಿಮ್ ಚಾಮಂತಿ ನಮ್ ಸೇವಂತಿಗೆ ತಂಗಿ ಕಣಪ್ಪಾ. ಗಡಿಯಾಚೆ ಮದ್ವೆ ಆಗೋದ್ಲು, ಗಂಡನ ಮನೇಲಿ ಹೆಸರು ಬದಲಾಯಿಸ್ಬಿಟ್ರು!" ಆಮೇಲೆ ಚೌಕಾಸಿ ಎಲ್ಲಿಯದು? ಬೀಗರಾಗಿಬಿಟ್ಟರಲ್ಲ!

ನಾನು ಸುಮ್ಮನಿರಲಾರದೆ, ಸೇವಂತಿಗೆಗೆ ಇಂಗ್ಲಿಷಿನಲ್ಲಿರುವ ಕ್ರಿಸಾಂಥಿಮಮ್ ಎಂಬ ಹೆಸರು ಗ್ರೀಕಿನಿಂದ ಬಂದದ್ದು, ಚಿನ್ನದ ಹೂವೆಂದು ಅದರರ್ಥ ಎಂದುಬಿಟ್ಟೆ. ಮರುದಿನ ದೊಡ್ಡಬಳ್ಳಾಪುರದ ಮಾರುಕಟ್ಟೆಯಲ್ಲಿ ಒಂದೇ ಕೂಗು: "ಬನ್ನಿ, ಗ್ರೀಕರ ಚಿನ್ನ!"

"ಬಿಳೀದೂ ಚಿನ್ನಾನಾ?" ಎಂದು ಒಬ್ಬಾಕೆ ಕೇಳಿದಳು.

"ಅದು ತೊಳ್ದಿಟ್ಟಿರೋ ಚಿನ್ನ ಕಣಮ್ಮಾ!"

ಆಕೆ ನಗುತ್ತಲೇ ಚೀಲ ತುಂಬಿಸಿಕೊಂಡಳು.

ಮಾತು ಹೀಗಿದ್ದರೂ ಬೆಳೆಯಲ್ಲಿ ಅವರನ್ನು ಮೀರಿಸುವವರಿಲ್ಲ. ನಮ್ಮ ಕಡೆ ಸಂಜೆಯಾದರೆ ಸೇವಂತಿಗೆ ಹೊಲದಲ್ಲಿ ಬಲ್ಬು ಉರಿಸುತ್ತಾರೆ. ಬೆಳಕಿರುವಷ್ಟು ದಿನ ಗಿಡ ಮೊಗ್ಗು ಬಿಡುವುದಿಲ್ಲ. ಆರಿಸಿದ ಮೇಲೆ ಸುಮಾರು ಎರಡು ತಿಂಗಳಿಗೆ ಹೂವು. ಹಬ್ಬಕ್ಕೆ ಸರಿಯಾಗಿ ಹೂ ಬರಿಸುವುದರಲ್ಲಿ ದೊಡ್ಡಪ್ಪ ನಿಸ್ಸೀಮರು.

ಹೋದ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆಂದು ಊರವರೆಲ್ಲ ಬಲ್ಬು ಆರಿಸಿದರು. ಇವರು ಆರಿಸಲಿಲ್ಲ! ಆಗ ದೊಡ್ಡಮ್ಮ ಹೃದಯದ ಆಪರೇಷನ್ ಆಗಿ ಬೆಂಗಳೂರಿನ ಆಸ್ಪತ್ರೆಯಲ್ಲಿದ್ದರು. ಉಳಿಯುವುದು ಕಷ್ಟವೆಂದು ಡಾಕ್ಟರು ಹೇಳಿದ್ದರು. ಮನಸ್ಸು ಹಗುರಾಗಲೆಂದು ನಾನೇ ದೊಡ್ಡಪ್ಪನನ್ನು ಹೂವಿನ ಹೆಸರಿನ ಕಥೆ ಕೇಳಿದೆ. "ಗೊತ್ತಿಲ್ಲ ಬಿಡು" ಎಂದರು. ನನಗೆ ನಿಜವಾಗಿ ಭಯವಾದದ್ದು ಆಗಲೇ.

"ಹಬ್ಬ ತಪ್ಪೋಗುತ್ತೆ, ಆರ್ಸು ಗುರು" ಎಂದು ಪಕ್ಕದ ಹೊಲದವರು ಬೈದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಗಂಡಾಂತರ ಕಳೆಯಿತೆಂದು ಡಾಕ್ಟರು ಹೇಳಿದ ದಿನ ಊರಿಗೆ ಓಡಿಬಂದು ಬಲ್ಬು ಆರಿಸಿದರು.

ಹೊಸಕೋಟೆಯ ಮಗಳ ಮನೆಯಲ್ಲಿ ಸುಧಾರಿಸಿಕೊಂಡು ದೊಡ್ಡಮ್ಮ ಊರಿಗೆ ಮರಳುವಷ್ಟರಲ್ಲಿ ಹಬ್ಬ ಮುಗಿದಿತ್ತು. ಹೊಲ ತುಂಬ ಹೂವು! ಕಾರಿನಿಂದ ಇಳಿಯುತ್ತಲೇ ಗದರಿದರು: "ಹಬ್ಬ ಕಳ್ದ್ಮೇಲೆ ಇಷ್ಟೊಂದು ಹೂವಾ? ತಲೆ ನೆಟ್ಟಗೈತಾ ನಿಮ್ಗೆ?"

"ನೀನು ಮನೆಗೆ ಬರ್ತೀಯೋ ಇಲ್ವೋ ಗೊತ್ತಾಗೋವರ್ಗೂ ಒಂದು ಹೂವೂ ಅರಳ್ಬಾರ್ದು ಅನ್ನಿಸ್ತು ಕಣೇ" ಎಂದರು ದೊಡ್ಡಪ್ಪ.

ನನಗೆ ಅಳು ತಡೆಯಲಾಗಲಿಲ್ಲ. ದೊಡ್ಡಮ್ಮ ಒಂದು ಹೂ ಕಿತ್ತು ಅವರ ಕೈಗಿಟ್ಟು, ನಮ್ಮೆಲ್ಲರ ಎದುರಿಗೇ, ಮುಡಿಸಲೆಂದು ಬೆನ್ನು ತಿರುಗಿಸಿ ನಿಂತರು.