ಮೊಮ್ಮಗಳಿಗಾಗಿ ತೊಳೆದ ನೀರು

ಅಜ್ಜಿಯಾದ ಮೇಲೆ ಹೆಂಗಸಿಗೆ ಮೊದಲು ಬೆಳೆಯೋದು ಮೂಗು. ಮದುವೆಯಾಗಿ ಬಂದಾಗಿನಿಂದ ವಿನೋಬನಗರದ ನಲ್ಲಿ ನೀರು ಕುಡಿದು ಗುಂಡುಕಲ್ಲಿನಂಗೆ ಇದ್ದೇನೆ. ಆದರೆ ಹರಿಹರದ ತವರಿನಲ್ಲಿ ಸೊಸೆ ಶೈಲಾ ಹೆಣ್ಣುಕೂಸು ಹೆತ್ತಳು ಅಂತ ಪಕ್ಕದ ಮನೆಯ ಫೋನಿನಲ್ಲಿ ಕೇಳಿದ್ದೇ ತಡ, ಅದೇ ನೀರು ನನಗೆ ಆಸ್ಪತ್ರೆಯಂಗೆ ನಾರತೊಡಗಿತು. ಖುಷಿಗೆ ಬೀದಿಗೆಲ್ಲ ಸಕ್ಕರೆ ಹಂಚಿದೆ. ಹಾಲಿನವನಿಗೆ ಮರೆತು ಎರಡು ಸಲ ಕೊಟ್ಟಾಗ ಅವನು, "ಅವಳಿ-ಜವಳಿಯೇನ್ರೀ ಅಮ್ಮಾರೆ?" ಅಂದ.

ಬಾಣಂತನ ಮುಗಿಯೋ ಹೊತ್ತಿಗೆ ಶೈಲಾಳ ತಾಯಿ, ನಮ್ಮ ಬೀಗತಿ, ಒಂದು ಕೊಕ್ಕೆ ಹಾಕಿದರು. "ನಿಮ್ಮನಿ ನೀರು ವಾಸನಿ ಐತಂತೆ. ಕೂಸಿನ ಸಂಗಾಟ ನಾನೂ ಬಂದು ನೋಡ್ತೀನಿ. ಸರಿ ಇಲ್ದಿದ್ರೆ ವರ್ಷ ತುಂಬೋಮಟ ಅದು ನಮ್ಮಲ್ಲೇ ಇರ್ಲಿ." ವರ್ಷ! ಅಷ್ಟರಲ್ಲಿ ಕೂಸು ಅವರನ್ನೇ ಅಜ್ಜಿ ಅಂತ ಕರೆಯೋದು ಕಲಿತುಬಿಟ್ಟರೆ?

ಅವರು ಬರೋ ದಿನ ಬೆಳಗ್ಗೆ ವಾಸನೆ ಹೋಗಲಿ ಅಂತ ಕುಡಿಯೋ ನೀರಿನ ಹರವಿಗೆ ಲಾವಂಚದ ಬೇರು, ಒಂದು ಹಿಡಿ ತುಳಸಿ ಹಾಕಿದೆ. ಬೇರು ನೆನೆದು ಹುಳ ಆದೀತು ಅಂತ ಮೇಲಿಂದ ಒಂದು ಚಿಟಿಕೆ ಬ್ಲೀಚಿಂಗ್ ಪುಡಿ. ಮೊಮ್ಮಗಳಲ್ಲವೇ, ಇನ್ನೊಂದು ಚಿಟಿಕೆ.

ಬೀಗತಿ ಒಂದೇ ಗುಟುಕು ಬಾಯಿಗಿಟ್ಟು ಅಂಗಳಕ್ಕೆ ಓಡಿ ಉಗುಳಿದರು. "ಬೀಗತಿಯವ್ರೆ, ಇದೇನು ಕುಡಿಯಾಕೋ, ಬಚ್ಚಲ ತೊಳಿಯಾಕೋ? ನಡಿ ಶೈಲಾ, ಸಂಜಿ ಬಸ್ಸಿಗೆ ಹೋಗಾಣ."

ಬಿ.ಎಸ್ಸಿ. ಓದಿದ ಶೈಲಾ ಹರವಿಯೊಳಗೆ ಇಣುಕಿ ಹಣೆ ಹಣೆ ಚಚ್ಚಿಕೊಂಡಳು. "ಅತ್ತೆ, ನಲ್ಲಿ ನೀರಿಗೆ ಅವರೇ ಕ್ಲೋರಿನ್ ಹಾಕಿರ್ತಾರೆ. ಅದು ಎಲೆ, ಬೇರಿನ ಕೊಳೆ ಜೊತೆ ಸೇರಿದ್ರೆ ಬ್ಯಾರೆ ಏನೇನೋ ಹುಟ್ತಾವೆ. ವರ್ಷಗಟ್ಟಲೆ ಕುಡಿದ್ರೆ ಒಳ್ಳೇದಲ್ಲ."

"ಹಂಗಾರೆ ಕ್ಲೋರಿನ್ನೇ ಬ್ಯಾಡ ಅನ್ನು!"

"ಬಿಟ್ರೆ ನಾಳೇನೇ ವಾಂತಿ-ಭೇದಿ. ಅವರು ಹಾಕಿದ್ದು ಇರ್ಲಿ. ನೀವು ಮತ್ತೆ ಹಾಕ್ಬ್ಯಾಡ್ರಿ, ಅಷ್ಟೆ. ಕುದಿಸಿ ಆರಿಸಿದ್ರೆ ವಾಸನಿ ಹೋಗ್ತೈತೆ."

ಎರಡೂ ಒಳ್ಳೆಯ ಪದಾರ್ಥವೇ, ಕೂಡಿದರೆ ರಗಳೆ. ನಾನು ಬೀಗತಿಯ ಮುಖ ನೋಡಿದೆ. ಅವರು ನನ್ನ ಮುಖ ನೋಡಿದರು.

"ಅಲ್ದೆ, ಅವ್ವ," ಅಂದಳು ಶೈಲಾ, "ಇಲ್ಲಿ ನಲ್ಲಿಗೂ ಬರೋದು ನಮ್ಮ ಹರಿಹರದ ಹೊಳೆ ನೀರೇ. ಮ್ಯಾಲೆ ಈ ಕೂಸಿಗೆ ಈಗ ಹಾಲು ಬಿಟ್ಟು ಬ್ಯಾರೇನೂ ಕೊಡಬಾರ್ದು ಅಂದಾರೆ ಡಾಕ್ಟ್ರು. ನೀರು ಕುಡಿಯಾಕಿ ನಾನು. ನಾನು ಇಲ್ಲೇ ಇರಾಕಿ."

ಕೂಸು ಉಳಿಯಿತು. ಬೀಗತಿಯೂ ಉಳಿದರು, ನನ್ನ ಕೈ ಮೇಲೆ ನಂಬಿಕೆ ಸಾಲದೆ. ಈಗ ದಿನಾ ಬೆಳಗ್ಗೆ ಸ್ಟವ್ ಮುಂದೆ ಕೂತು ನೀರು ಕುದಿಸೋರು ಅವರೇ. ನಾನು ತೊಟ್ಟಿಲ ಪಕ್ಕ ಕೂಸನ್ನು ತೊಡೆ ಮೇಲೆ ಹಾಕ್ಕೊಂಡು ಕೂತಿರ್ತೇನೆ. ಅವರು ಕೈ ಒರೆಸಿಕೊಂಡು ಎದ್ದು ತೊಟ್ಟಿಲ ಕಡೆ ಹೊರಟಾಗ ಮಾತ್ರ, ಮೊಮ್ಮಗಳನ್ನು ತೊಡೆಯ ಮೇಲೆ ಇನ್ನಷ್ಟು ಒಳಗೆ ಎಳೆದುಕೊಂಡು ಅನ್ನುತ್ತೇನೆ:

"ಬೀಗತಿಯವ್ರೆ, ಇನ್ನೊಂದು ಕುದಿ ಬರ್ಲಿ ತಡೀರಿ. ಕೂಸಿರೋ ಮನಿ!"