ಹಲ್ಲಿನ ಡಾಕ್ಟರ ಮೋಡ

ಹೆಂಡತಿ: ಹಸಿರು ಬಂತು ಅಂದ್ರಲ್ಲ, ಮತ್ಯಾಕೆ ಕೂತಿದೀರಿ?

ಡಾಕ್ಟರು: ಬಂದಿರೋದು ಒಂದರಲ್ಲಿ ಮಾತ್ರ. ಇನ್ನೊಂದು ಹಳದಿ ಅಂತಿದೆ. ಮೂರನೇದು ಇನ್ನೂ ಬಾಯೇ ಬಿಟ್ಟಿಲ್ಲ.

ಫ್ಲೈಯಿಂಗ್ ಕ್ಲಬ್ಬಿನ ಕೋಣೆಯಲ್ಲಿ ಹಲ್ಲಿನ ಡಾಕ್ಟರು ಲ್ಯಾಪ್‌ಟಾಪ್, ಟ್ಯಾಬ್ಲೆಟ್, ಫೋನು ಮೂರನ್ನೂ ಸಾಲಾಗಿ ಇಟ್ಟುಕೊಂಡು ಕೂತಿದ್ದರು. ಮೂರರಲ್ಲಿ ಮೂರು ಹವಾಮಾನ ಸೈಟು: ಹಸಿರು ಅಂದರೆ ಹಾರಬಹುದು, ಹಳದಿ ಅಂದರೆ ಅನುಮಾನ, ಕೆಂಪು ಅಂದರೆ ಕೂಡದು. ಹೊರಗೆ ಅವರ ಎರಡು ಸೀಟಿನ ವಿಮಾನ ಬೆಳಗಿನಿಂದ ಹೊಟ್ಟೆ ತುಂಬ ಪೆಟ್ರೋಲ್ ಕುಡಿದು ನಿಂತಿತ್ತು. ಹೆಂಡತಿ ತೊಡೆಯ ಮೇಲೆ ಬ್ಯಾಗಿಟ್ಟುಕೊಂಡು ಗಡಿಯಾರ ನೋಡಿದಳು. ಒಂಬತ್ತೂವರೆ. ಆಪರೇಷನ್ ಆದ ಅಕ್ಕನ ಕಣ್ಣಿನ ಕಟ್ಟು ಸಂಜೆ ನಾಲ್ಕಕ್ಕೆ ಬಿಚ್ಚುತ್ತಾರೆ. ಕಟ್ಟು ಬಿಚ್ಚಿದಾಗ ಮೊದಲು ನಿನ್ನ ಮುಖಾನೇ ನೋಡಬೇಕು ಕಣೆ ಎಂದು ಅಕ್ಕ ಮಗುವಿನ ಹಾಗೆ ಹಟ ಹಿಡಿದಿದ್ದಳು. ಬೆಟ್ಟದಾಚೆಯ ಅಕ್ಕನ ಊರಿಗೆ ಬಸ್ಸಿನಲ್ಲಿ ನಾಲ್ಕು ಗಂಟೆಯ ದಾರಿ. ವಿಮಾನದಲ್ಲಿ ಐವತ್ತೇ ನಿಮಿಷ ಎಂದು ಗಂಡ ಒಂದು ವಾರದಿಂದ ಊರಿಗೆಲ್ಲ ಸಾರಿಕೊಂಡು ಬಂದಿದ್ದರು.

ಹೆಂಡತಿ: ಹಲ್ಲು ಕೀಳೋವಾಗ ಒಂದೇ ನಿಮಿಷದಲ್ಲಿ ತೀರ್ಮಾನ ಮಾಡ್ತಿದ್ರಿ.

ಡಾಕ್ಟರು: ಅದು ಬೇರೆಯವರ ಹಲ್ಲು.

ಆಮೇಲೆ ಅವರು ನಕ್ಷೆಯಲ್ಲಿ ಗಾಳಿಯ ದಿಕ್ಕು ತೋರಿಸುವ ಬಾಣಗಳ ವಿಷಯವಾಗಿ ಉಪನ್ಯಾಸ ಶುರು ಮಾಡಿದರು. ಹಸಿರು ತೋರಿಸಿದ ಸೈಟು ಹಳದಿಗೆ ತಿರುಗಿತು, ಹಳದಿಯದು ಹಸಿರಾಯಿತು. ಆಗ ಮೂರನೆಯದು ಬಾಯಿ ಬಿಟ್ಟಿತು. ಅದು ಕೆಂಪು.

ಡಾಕ್ಟರು: ನೋಡು, ಇದು ಕಂಪ್ಯೂಟರ್ ಲೆಕ್ಕ ಅಲ್ಲ, ಮನುಷ್ಯರೇ ಬರೆದಿರೋ ವರದಿ. ‘ದಾರಿಯಲ್ಲಿ ಬೆಟ್ಟದ ಮೇಲೆ ಗಟ್ಟಿ ಮೋಡ ಇದೆ.’ ಈ ಕ್ಲಬ್ಬಿಂದಾನೇ ಯಾರೋ ಹಾಕಿದಾರೆ. ಕಣ್ಣಾರೆ ಕಂಡವರ ಮಾತು ಕೇಳಬೇಕು.

ಮೂಲೆಯಲ್ಲಿ ಸ್ಪ್ಯಾನರ್ ಒರೆಸುತ್ತಿದ್ದ ಮುದುಕ ಮೆಕ್ಯಾನಿಕ್ ಗಂಟಲು ಸರಿಮಾಡಿಕೊಂಡ.

ಮೆಕ್ಯಾನಿಕ್: ಅದು ನಾನೇ ಹಾಕಿದ್ದು ಸಾರ್.

ಹೆಂಡತಿ: ನೀವು ಬೆಳಿಗ್ಗೆ ಹಾರಿದ್ರಾ?

ಮೆಕ್ಯಾನಿಕ್: ನಾನೆಲ್ಲಿ ಹಾರ್ಲಿ ಮೇಡಂ, ಏಣಿ ಹತ್ತಿದ್ರೇ ತಲೆ ಸುತ್ತುತ್ತೆ. ಆರು ಗಂಟೆಗೆ ಸಾರ್ ಫೋನ್ ಮಾಡಿ ಬೆಟ್ಟದ ಮೇಲೆ ಮೋಡ ಇರಬಹುದು ಅಂದ್ರು. ನಾಲ್ಕು ಜನಕ್ಕೆ ಉಪಯೋಗ ಆಗಲಿ ಅಂತ ಹಾಕಿದೆ.

ಡಾಕ್ಟರು: ಇರಬಹುದು ಅಂದಿದ್ದೆ. ಇದೆ ಅಂತ ಯಾಕೆ ಹಾಕಿದೆ?

ಮೆಕ್ಯಾನಿಕ್: ಇರಬಹುದು ಅನ್ನೋಕೆ ಅದರಲ್ಲಿ ಜಾಗ ಇಲ್ಲ ಸಾರ್. ಇದೆ, ಇಲ್ಲ, ಎರಡೇ ಬಟನ್.

ಡಾಕ್ಟರು ಕನ್ನಡಕ ತೆಗೆದು ಒರೆಸಿದರು.

ಡಾಕ್ಟರು: ಆದರೂ, ಇಬ್ಬಿಬ್ಬರು ಹೇಳ್ತಿದೀವಿ ಅಂದ್ಮೇಲೆ...

ಹೆಂಡತಿ: ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದ್ಳಂತೆ. ನೀವು ಆಕಾಶಾನೇ ಡೊಂಕು ಅಂತಿದೀರಿ.

ಅವಳಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು. ಸಿಟ್ಟಿಗಿಂತ ಹೆಚ್ಚಾಗಿ ಅಕ್ಕನ ಯೋಚನೆಯಾಗಿತ್ತು. ಹನ್ನೆರಡಕ್ಕೆ ಹೊಸ ಮುನ್ಸೂಚನೆ ಬರುತ್ತದೆ, ಅಲ್ಲಿಯವರೆಗೆ ತಾಳು ಎಂದು ಗಂಡ ಗೋಗರೆದರು. ಅವಳು ತಾಳಲಿಲ್ಲ. ಹತ್ತೂವರೆಯ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತಳು. ಬೆಟ್ಟ ದಾಟುವಾಗ ಬಗ್ಗಿ ಮೇಲೆ ನೋಡಿದಳು. ಹುಡುಕಿದರೂ ಒಂದು ಹಿಡಿ ಮೋಡ ಸಿಗುವಂತಿರಲಿಲ್ಲ. ಆಸ್ಪತ್ರೆ ಸೇರಿದಾಗ ಮೂರಾಗಿತ್ತು.

ನಾಲ್ಕಕ್ಕೆ ಕಟ್ಟು ಬಿಚ್ಚಿದರು. ಅಕ್ಕ ರೆಪ್ಪೆ ಬಡಿದು ಬಡಿದು ತಂಗಿಯ ಮುಖ ನೋಡಿದಳು. ನೀನೆಷ್ಟು ಬಡವಾಗಿದ್ದೀಯೆ ಎಂದು ಅತ್ತಳು, ತಂಗಿಯೂ ಅತ್ತಳು. ಇನ್ನೆರಡು ದಿನ ಇಬ್ಬರೇ ಕೂತು ಮನಸಾರೆ ಹರಟೋಣ ಎಂದು ಮಾತಾಯಿತು. ಅಷ್ಟರಲ್ಲಿ ಫೋನ್ ಬಂತು.

ಡಾಕ್ಟರು: ಮೂರೂ ಹಸಿರು ಕಣೆ! ಈಗ್ಲೇ ಹೊರಟ್ರೆ ಐದಕ್ಕೆ ಅಲ್ಲಿರ್ತೀನಿ. ಒಂದ್ಸಲ ಕಿಟಕಿಯಿಂದ ಆಕಾಶ ನೋಡಿ ಹೇಳು, ಸಾಕು.

ಹೆಂಡತಿ ಕಿಟಕಿಯಾಚೆ ನೋಡಿದಳು. ಆಕಾಶ ತೊಳೆದಿಟ್ಟ ತಟ್ಟೆಯಂತೆ ಬೆಳಗುತ್ತಿತ್ತು. ಅವರು ಬಂದರೆ ಎರಡು ದಿನವೂ ಗಾಳಿಯ ಬಾಣಗಳದ್ದೇ ಕಥೆ.

ಹೆಂಡತಿ: ಕಪ್ಪಗೆ ಕವಿದಿದೆ ಕಣ್ರೀ. ಬರಬೇಡಿ.

ಡಾಕ್ಟರು: ನಾನು ಬೆಳಿಗ್ಗೇನೇ ಹೇಳ್ಲಿಲ್ವಾ?

ಅವರ ದನಿಯಲ್ಲಿ ಗೆದ್ದವರ ಸಂತೋಷವಿತ್ತು. ಈ ವರದಿಯನ್ನು ಈಗಲೇ ಸೈಟಿಗೆ ಹಾಕಿಸುತ್ತೇನೆ ಎಂದು ಫೋನಿಟ್ಟರು. ತಂಗಿ ತಿರುಗಿದಾಗ ಅಕ್ಕ ಮುಖ ಸಣ್ಣಗೆ ಮಾಡಿಕೊಂಡು ಕಿಟಕಿಯನ್ನೇ ನೋಡುತ್ತಿದ್ದಳು.

ಅಕ್ಕ: ಕಪ್ಪಗೆ ಕವಿದಿದೆಯೇನೇ? ನಂಗೆ ನೀಲಿಯಾಗಿ ಕಾಣ್ತಿದೆಯಲ್ಲೇ. ಆಪರೇಷನ್ ಕೆಟ್ಟೋಯ್ತಾ?

ಹೆಂಡತಿ: ನಿನ್ನ ಕಣ್ಣಿಗೇನೂ ಆಗಿಲ್ಲಕ್ಕ. ಆ ಮೋಡ ನಮ್ಮ ಮನೆಯವರಿಗೆ ಮಾತ್ರ ಕಾಣೋದು.